ನಾಯಿಯನ್ನು ದೂರಿ ಮದ್ಯವನ್ನು ಮರೆತೆವು

ಬೆಂಗಳೂರಿನ ಕೆಲವು ಮದ್ಯಗೃಹಗಳು, ಅಂದರೆ ಬಿಯರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಬ್ರೂವರಿಗಳು, ವಾರಾಂತ್ಯದಲ್ಲಿ ಕಲಾಶಾಲೆಯ ವೇಷ ತೊಡುತ್ತವೆ. ಶುಲ್ಕ ತೆತ್ತು ಕುಳಿತರೆ ಮಣ್ಣಿನ ಬಟ್ಟಲು, ಕುಂಚ, ಬಣ್ಣಗಳು ಮೇಜಿಗೆ ಬರುತ್ತವೆ. ಸಾಕುನಾಯಿಯನ್ನು ಜೊತೆಗೆ ಕರೆತರಲೂ ಅಡ್ಡಿಯಿಲ್ಲ. ಬನಶಂಕರಿ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ಉದ್ಯೋಗ ಅರಸಿ ರಾಜಧಾನಿ ಸೇರಿದ ನಮ್ಮ ಯುವ ಕುಟುಂಬಗಳಿಗೂ ಈ ಆಹ್ವಾನ ತಲಪುತ್ತಿದೆ. ಹೋಗಬಹುದೇ ಎಂಬ ಪ್ರಶ್ನೆ ಊರಿನಲ್ಲಿರುವ ಹಿರಿಯರವರೆಗೂ ಬರುತ್ತಿದೆ.

ಈ ಪ್ರಶ್ನೆಗೆ ನಮ್ಮವರಲ್ಲಿ ಅನೇಕರು ಕೊಡುವ ಮೊದಲ ಉತ್ತರ, 'ಛೇ, ಅಲ್ಲಿ ನಾಯಿಗಳಿರುತ್ತವಂತೆ!' ಎಂಬುದು. ಈ ಉತ್ತರವೇ ನನ್ನನ್ನು ಈ ಲೇಖನಕ್ಕೆ ಹಚ್ಚಿದೆ. ಬಿಯರಿನ ಪೀಪಾಯಿಗಳ ನಡುವೆ ಕುಳಿತುಕೊಳ್ಳುವ ವಿಷಯ ಬಂದಾಗ ನಮ್ಮ ಕಣ್ಣು ಪೀಪಾಯಿಯನ್ನು ಬಿಟ್ಟು ನಾಯಿಯ ಮೇಲೆ ಬೀಳುತ್ತದೆ ಎಂದಾದರೆ, ನಮ್ಮ ಧರ್ಮಪ್ರಜ್ಞೆಗೆ ಎಲ್ಲೋ ಪೊರೆ ಬಂದಿದೆ.

ಮೊದಲು ನಾಯಿಯ ವಿಚಾರವನ್ನೇ ನೋಡೋಣ. ಪವಿತ್ರ ಕುರ್‌ಆನ್ ಗುಹಾವಾಸಿಗಳ ವೃತ್ತಾಂತ ಹೇಳುವಾಗ, ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ಅವರ ನಾಯಿಯನ್ನೂ ಮರೆಯುವುದಿಲ್ಲ (ಅಲ್ ಕಹ್ಫ್: 18). ತರಬೇತಾದ ಬೇಟೆನಾಯಿ ಹಿಡಿದು ತಂದ ಬೇಟೆಯನ್ನು ಅದು ಅನುಮತಿಸುತ್ತದೆ (ಅಲ್ ಮಾಇದಃ: 4). ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದುಕೊಟ್ಟವನ ಪಾಪಗಳು ಕ್ಷಮಿಸಲ್ಪಟ್ಟವೆಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳು ದಾಖಲಿಸಿವೆ. ನಿಜ, ಬೇಟೆ, ಕಾವಲು, ಕೃಷಿಗಳಂತಹ ಅಗತ್ಯವಿಲ್ಲದೆ ನಾಯಿ ಸಾಕುವವನ ಪುಣ್ಯ ಕುಂದುತ್ತದೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಅದು ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಬಳಸಬೇಕು ಎಂಬ ವಿಧಿಯೂ ಇದೆ. ಶಾಫಿಈ ವಿದ್ವಾಂಸರು ನಾಯಿಯನ್ನು ಸಂಪೂರ್ಣ ಅಶುದ್ಧವೆಂದರೆ, ಹನಫೀ ವಿದ್ವಾಂಸರು ಮುಖ್ಯವಾಗಿ ಅದರ ಜೊಲ್ಲನ್ನು ಅಶುದ್ಧವೆನ್ನುತ್ತಾರೆ. ಮಾಲಿಕೀ ವಿದ್ವಾಂಸರು ಜೀವವಿರುವ ನಾಯಿಯನ್ನು ಶುದ್ಧವೆಂದೇ ಪರಿಗಣಿಸುತ್ತಾರೆ. ಅಂದರೆ ಇದು ಶುಚಿತ್ವದ ಪ್ರಶ್ನೆ, ಇಮಾಮರ ನಡುವೆ ಭಿನ್ನಾಭಿಪ್ರಾಯಕ್ಕೆ ಎಡೆಯಿರುವ ಪ್ರಶ್ನೆ. ಬಟ್ಟೆಗೆ ತಗಲಿದರೆ ತೊಳೆದುಕೊಳ್ಳಬಹುದು.

ಇನ್ನು ನಮ್ಮದು ನಾಯಿಯನ್ನು ಕಂಡು ಹೌಹಾರಬೇಕಾದ ನಾಡೂ ಅಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ದೇಶಕ್ಕೇ ಹೆಸರುವಾಸಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತು. ಹೊಲ ಕಾಯುವ, ಕುರಿ ಕಾಯುವ ನಾಯಿಗೆ ರೊಟ್ಟಿ ಹಾಕಿದ ಹಿರಿಯರ ಮಕ್ಕಳು ನಾವು.

ಮಣ್ಣಿನ ಬಟ್ಟಲಿನ ತಪ್ಪಾದರೂ ಏನು? ಮಾನವನನ್ನು ಮಡಕೆಯಂತೆ ಸದ್ದು ಮಾಡುವ ಒಣ ಆವೆಮಣ್ಣಿನಿಂದ ಸೃಷ್ಟಿಸಲಾಯಿತೆಂದು ಕುರ್‌ಆನ್ ನೆನಪಿಸುತ್ತದೆ (ಅರ್‍ರಹ್ಮಾನ್: 14). ಅದಕ್ಕೆ ಹೂವು, ಬಳ್ಳಿ, ಅಕ್ಷರಗಳ ಅಲಂಕಾರ ಮಾಡುವುದು ಸೊಗಸಾದ ಕೆಲಸ. ಮಕ್ಕಳ ಕೈಗೆ ಮೊಬೈಲಿಗಿಂತ ಕುಂಚ ಕೊಡುವುದು ಸಾವಿರ ಪಾಲು ಮೇಲು.

ಹಾಗಾದರೆ ಆಕ್ಷೇಪ ಯಾವುದಕ್ಕೆ? ಮದ್ಯಕ್ಕೆ, ಮತ್ತು ಮದ್ಯದ ಮೇಜಿಗೆ.

ಈ ಬಗ್ಗೆ ಇಸ್ಲಾಮಿನ ಇತಿಹಾಸದಲ್ಲಿ ಮಡಕೆಯನ್ನೇ ಕುರಿತ ಒಂದು ಪಾಠವಿದೆ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ)ಯವರು ಮದ್ಯ ಹುದುಗಿಸಲು ಬಳಕೆಯಲ್ಲಿದ್ದ ಕೆಲವು ಪಾತ್ರೆಗಳನ್ನೇ ನಿಷೇಧಿಸಿದರು. ಸೋರೆ ಬುರುಡೆ, ಖರ್ಜೂರದ ಕಾಂಡ ಕೊರೆದ ಪಾತ್ರೆ, ರಾಳ ಬಳಿದ ಪಾತ್ರೆಗಳ ಜೊತೆಗೆ ಹೊಳಪು ಲೇಪದ ಮಣ್ಣಿನ ಹೂಜಿಯೂ ಆ ಪಟ್ಟಿಯಲ್ಲಿತ್ತು. ಕುಡಿತದ ಚಟ ಸಮಾಜದಿಂದ ಕಳಚಿಕೊಂಡ ಮೇಲೆ ಆ ಪಾತ್ರೆಗಳನ್ನು ಬಳಸಲು ಅನುಮತಿಯಿತ್ತರು. ಪಾತ್ರೆ ಯಾವುದನ್ನೂ ಧರ್ಮಸಮ್ಮತವನ್ನಾಗಿಯೂ ನಿಷಿದ್ಧವನ್ನಾಗಿಯೂ ಮಾಡದು, ಅಮಲು ತರುವುದೇ ನಿಷಿದ್ಧ ಎಂಬುದು ಅವರು ಕೊಟ್ಟ ವಿವರಣೆಯ ತಿರುಳು. ಚಟ ಬಲವಾಗಿದ್ದಾಗ ಅದನ್ನು ನೆನಪಿಸುವ ಮಡಕೆಯನ್ನೂ ದೂರವಿಟ್ಟ ಆ ವಿವೇಕವನ್ನು ಗಮನಿಸಿರಿ. ಇಂದು ನಡೆಯುತ್ತಿರುವುದು ಅದರ ತಿರುವುಮುರುವು. ಮಡಕೆಯ ಮುಗ್ಧತೆಯನ್ನು ಮುಂದಿಟ್ಟು ಮದ್ಯದ ನೆನಪನ್ನು ಮನೆಮನೆಗೆ ಮುಟ್ಟಿಸಲಾಗುತ್ತಿದೆ.

'ನಾವು ಕುಡಿಯುವುದಿಲ್ಲವಲ್ಲ, ಬಣ್ಣ ಹಚ್ಚಿ ಬರುತ್ತೇವೆ' ಎನ್ನುವವರಿದ್ದಾರೆ. ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ವಿಶ್ವಾಸವಿರುವವನು ಮದ್ಯ ಹಂಚುವ ಊಟದ ಮೇಜಿನ ಮುಂದೆ ಕುಳಿತುಕೊಳ್ಳಬಾರದೆಂಬ ಪ್ರವಾದಿ ವಚನ ತಿರ್ಮಿದಿಯಲ್ಲಿದೆ. ಮದ್ಯದ ವಿಷಯದಲ್ಲಿ ಶಾಪಗ್ರಸ್ತನಾಗುವವನು ಕುಡುಕನೊಬ್ಬನೇ ಅಲ್ಲ. ಹಿಂಡುವವನಿಂದ ಹೊರುವವನವರೆಗೆ, ಬಡಿಸುವವನಿಂದ ಅದರ ಬೆಲೆಯನ್ನುಣ್ಣುವವನವರೆಗೆ ಹತ್ತು ಮಂದಿಯನ್ನು ಹದೀಸ್ ಎಣಿಸಿದೆ. ಒಂದು ವ್ಯವಹಾರದ ಇಡೀ ಸರಪಳಿಯನ್ನೇ ಧರ್ಮ ದೂರವಿಟ್ಟಿರುವಾಗ, ಅದೇ ಅಂಗಡಿಗೆ ಶುಲ್ಕ ಕಟ್ಟಿ ಅದರ ಜಗಲಿಯ ಶೋಭೆ ಹೆಚ್ಚಿಸುವವನು ತಾನು ಸರಪಳಿಯ ಹೊರಗಿದ್ದೇನೆಂದು ಎದೆ ತಟ್ಟಿ ಹೇಳಬಲ್ಲನೇ?

ಮದ್ಯಗೃಹಕ್ಕೆ ನಿಮ್ಮ ಮಗುವಿನ ಚಿತ್ರಕಲೆಯಿಂದ ಆಗಬೇಕಾದ್ದೇನು? ಮಗುವಿನ ಮನಸ್ಸಿನಲ್ಲಿ ಆ ಜಾಗ ಭಯದ, ಸಂಕೋಚದ ತಾಣವಾಗಿ ಉಳಿಯದೆ, ರಜೆಯ ದಿನದ, ಬಣ್ಣದ, ಬಾಲ ಅಲ್ಲಾಡಿಸುವ ನಾಯಿಮರಿಯ ತಾಣವಾಗಿ ಉಳಿದರೆ ಸಾಕು. ಉಳಿದುದನ್ನು ಪ್ರಾಯವೇ ಮಾಡುತ್ತದೆ. ಹರಾಮಿನ ಬಗ್ಗೆ ಮನದಲ್ಲಿರುವ ಅಂಜಿಕೆ ಒಮ್ಮೆಲೇ ಸಾಯುವುದಿಲ್ಲ. ಅದು ಪರಿಚಯದಿಂದ ಸವೆಯುತ್ತದೆ.

ಇದು ಮುಸ್ಲಿಮರ ಮಡಿವಂತಿಕೆ ಮಾತ್ರವೇ? 1988ರಲ್ಲಿಯೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದೇ 2019ರ ಜನವರಿಯಲ್ಲಿ ನಮ್ಮ ನಾಡಿನ ಸಾವಿರಾರು ಗ್ರಾಮೀಣ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿರೆಂದು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅವರಲ್ಲಿ ಬಹುತೇಕರು ಕುರ್‌ಆನ್ ಓದಿದವರಲ್ಲ. ಗಂಡನ ಕೂಲಿ ಸಾರಾಯಿ ಅಂಗಡಿಯಲ್ಲಿ ಕರಗುವುದನ್ನು ಕಣ್ಣಾರೆ ಓದಿದವರು. ಹಳ್ಳಿಯ ಬಡವನ ಬಾಟಲಿ ಚಟವೆಂದೂ ನಗರದ ಉಳ್ಳವನ ಗ್ಲಾಸು ಸಂಸ್ಕೃತಿಯೆಂದೂ ಕರೆಸಿಕೊಳ್ಳುವುದು ಎಂತಹ ನ್ಯಾಯ!

ಇಷ್ಟನ್ನು ಯುವಕರಿಗೆ ಹೇಳಿದ ಮೇಲೆ ಹಿರಿಯರಿಗೂ ಒಂದು ಮಾತು ಹೇಳಲೇಬೇಕು. 'ಅಲ್ಲಿಗೆ ಹೋಗಬೇಡ' ಎಂದು ಹೇಳುವ ನಾವು 'ಇಲ್ಲಿಗೆ ಬಾ' ಎಂದು ಯಾವ ಜಾಗವನ್ನು ತೋರಿಸಿದ್ದೇವೆ? ವಾರವಿಡೀ ದುಡಿದ ದಂಪತಿ ಮಕ್ಕಳೊಂದಿಗೆ ಒಂದು ಸಂಜೆ ನಗುತ್ತ ಕಳೆಯಲು ನಮ್ಮ ಸಮುದಾಯ ಭವನಗಳ ಬಾಗಿಲು ತೆರೆದಿದೆಯೇ? ಮದುವೆ ಮತ್ತು ಚುನಾವಣಾ ಸಭೆಗಳ ಹೊರತು ಅವುಗಳ ಬೀಗ ತೆಗೆಯುವವರಾರು? ಹೆಣ್ಣುಮಕ್ಕಳಿಗಂತೂ ಕುಳಿತುಕೊಳ್ಳಲು ಒಂದು ಮೂಲೆಯನ್ನೂ ನಾವು ಉಳಿಸಿಲ್ಲ. ನಿಷೇಧವನ್ನು ಮಾತ್ರ ಬೋಧಿಸಿ ಪರ್ಯಾಯ ಕೊಡದ ಸಮಾಜ, ತನ್ನ ಮಕ್ಕಳನ್ನು ತಾನೇ ಮದ್ಯಗೃಹದ ಜಗಲಿಗೆ ತಳ್ಳುತ್ತದೆ.

ಪರ್ಯಾಯವೇನೂ ದುರ್ಲಭವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ನಮ್ಮ ಊರುಗಳಲ್ಲಿ ಗಿರಾಕಿಯಿಲ್ಲದೆ ಚಕ್ರ ನಿಲ್ಲಿಸಿದ ಕುಂಬಾರರಿದ್ದಾರೆ. ಅವರಿಂದ ಐವತ್ತು ಬಟ್ಟಲು ಕೊಂಡು, ಒಂದು ಭಾನುವಾರ ಮದ್ರಸದ ಅಂಗಳದಲ್ಲಿ ಚಾಪೆ ಹಾಸಿರಿ. ನೆರೆಯ ಹಿಂದೂ ಗೆಳೆಯರ ಮಕ್ಕಳನ್ನೂ ಕರೆಯಿರಿ. ಚಹಾ ಇರಲಿ, ಬಣ್ಣವಿರಲಿ, ನಗುವಿರಲಿ. ಕುಂಬಾರನ ಮನೆಗೆ ನಾಲ್ಕು ಕಾಸೂ ಸೇರುತ್ತದೆ. ಬೀದಿಯ ನಾಯಿ ಬಾಗಿಲಲ್ಲಿ ಬಂದು ನಿಂತರೆ ಕಲ್ಲೆಸೆಯದೆ, ಬೇರೊಂದು ಬೋಗುಣಿಯಲ್ಲಿ ನೀರಿಡಲು ಮಕ್ಕಳಿಗೆ ಕಲಿಸಿರಿ.

ಬೆಂಗಳೂರಿನಲ್ಲಿರುವ ಸೋದರ ಸೋದರಿಯರೇ, ಸಹೋದ್ಯೋಗಿಗಳ ಪ್ರೀತಿಯ ಕರೆಯನ್ನು ಒರಟಾಗಿ ತಳ್ಳಬೇಡಿರಿ. 'ಬಣ್ಣ ಹಚ್ಚಲು ಸಂತೋಷ, ಆದರೆ ಉದ್ಯಾನದಲ್ಲೋ ಮನೆಯಂಗಳದಲ್ಲೋ ಸೇರೋಣ' ಎಂದು ನಗುಮೊಗದಿಂದ ಹೇಳಿರಿ. ನಿಜವಾದ ಗೆಳೆಯರು ಜಾಗ ಬದಲಿಸುತ್ತಾರೆ. ನಾಯಿಯನ್ನು ಕಂಡು ಮುಖ ಸಿಂಡರಿಸುವುದು ಸುಲಭ, ಮದ್ಯದ ಮೇಜಿನಿಂದ ಸೌಜನ್ಯದಿಂದ ಎದ್ದು ಬರುವುದು ಕಷ್ಟ. ವಿಶ್ವಾಸಿಯ ಪರೀಕ್ಷೆ ಇರುವುದು ಆ ಕಷ್ಟದಲ್ಲಿ. ಅದಕ್ಕೆ ಬೇಕಾದ ಸ್ಥೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.