ಹಕ್ಕುಪತ್ರ ತಲುಪದ ಊರಿಗೆ ತಲುಪಿದ ಬಂದೂಕು

ಕಾಶಿಯ ಜಂಗಮವಾಡಿಯಲ್ಲಿ ಕನ್ನಡದ ಮಾತು ಕೇಳಲು ಬಹಳ ಹೊತ್ತು ಕಾಯಬೇಕಾಗಿಲ್ಲ. ಮಠದ ಅಂಗಳದಲ್ಲಿ ಗಂಟುಮೂಟೆ ಇಳಿಸುವ ಯಾತ್ರಿಕರೊಡನೆ ನಾಡಿನ ಸುದ್ದಿಯೂ ಬಂದಿಳಿಯುತ್ತದೆ. 2024ರ ನವೆಂಬರ್ 18ರಂದು ಉಡುಪಿ ಜಿಲ್ಲೆಯ ಹೆಬ್ರಿ ತಾಲೂಕಿನ ಕಬ್ಬಿನಾಲೆ ಸಮೀಪದ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ವಿಕ್ರಂ ಗೌಡ ಸತ್ತ ಸುದ್ದಿಯೂ ಹಾಗೆಯೇ ಬಂತು. "ಅಂತೂ ಒಂದು ಪೀಡೆ ತೊಲಗಿತು" ಎಂದರು ಹಿರಿಯರೊಬ್ಬರು. ಸುತ್ತ ಕುಳಿತಿದ್ದ ನಾವಾರೂ ಮರುಮಾತಾಡಲಿಲ್ಲ. ಆ ಮೌನದ ಋಣ ತೀರಿಸಲು ಈ ನಾಲ್ಕು ಮಾತು.

ಮೊದಲೇ ಹೇಳಿಬಿಡುತ್ತೇನೆ: ಬಂದೂಕು ಹಿಡಿದವರ ವಕಾಲತ್ತು ನನ್ನದಲ್ಲ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ಸಾಕೇತ್ ರಾಜನ್ ಹತನಾದ ಕೆಲವೇ ದಿನಗಳಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಶಿಬಿರದ ಮೇಲೆ ದಾಳಿ ನಡೆದು ಮೀಸಲು ಪಡೆಯ ಪೊಲೀಸರು ಹೆಣವಾದರು. ಆ ಪೇದೆಗಳು ಯಾವ ಜಮೀನ್ದಾರರ ಮಕ್ಕಳು? 'ಮಾಹಿತಿದಾರ' ಎಂಬ ಶಂಕೆಯ ಮೇಲೆ ಮಲೆಯ ಬಡವರನ್ನೇ ನಕ್ಸಲರು ಕೊಂದದ್ದನ್ನು ಯಾವ ಸಿದ್ಧಾಂತವೂ ತೊಳೆಯಲಾರದು. ಆದರೆ ಕೊಂದವನ ಪಾಪವನ್ನು ಎಣಿಸಿದ ಮಾತ್ರಕ್ಕೆ ಅವನನ್ನು ಹುಟ್ಟಿಸಿದ ಅನ್ಯಾಯದ ಲೆಕ್ಕ ಮುಗಿಯುವುದಿಲ್ಲ.

ನಮ್ಮ ಪತ್ರಿಕೆಗಳಲ್ಲಿ 'ಕೂಂಬಿಂಗ್' ಎಂಬ ಪದ ಬೇರುಬಿಟ್ಟು ಎರಡು ದಶಕಗಳಾದವು. ಕೂಂಬಿಂಗ್ ಎಂದರೆ ಬಾಚುವುದು. ಹೇನು ಹುಡುಕುವ ಹಣಿಗೆ ಹೇನನ್ನಷ್ಟೇ ಮುಟ್ಟುವುದಿಲ್ಲ, ತಲೆಯ ಪ್ರತಿಯೊಂದು ಕೂದಲನ್ನೂ ಎಳೆಯುತ್ತದೆ. ಪಶ್ಚಿಮಘಟ್ಟದ ಮಲೆಕುಡಿಯರ ಮನೆಗಳು ನಮ್ಮ ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ, ಗುಡ್ಡಕ್ಕೊಂದು, ಹಳ್ಳದಾಚೆಗೊಂದು. ಅಂಥ ಒಂಟಿಮನೆಯ ಬಾಗಿಲಿಗೆ ರಾತ್ರಿ ಬಂದವರು ಅಕ್ಕಿ ಕೇಳುತ್ತಾರೆ; ಬೆಳಗಾದರೆ ಸಾಲುಗಟ್ಟಿ ಬಂದವರು, ಉಂಡವರಾರು ಎಂದು ಕೇಳುತ್ತಾರೆ. ಅನ್ನ ಹಾಕದಿದ್ದರೆ ಇರುಳಿನವರ ಭಯ, ಹಾಕಿದರೆ ಹಗಲಿನವರ ಭಯ. ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಜಾಡು ಹಿಡಿಯುವ ಪೇದೆಯ ಕಷ್ಟವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅವನು ಮರಳಿ ಶಿಬಿರಕ್ಕೆ ಹೋಗುತ್ತಾನೆ. ಮನೆಯೊಡತಿ ಎಲ್ಲಿಗೆ ಹೋಗಬೇಕು?

ಆ ಹಣಿಗೆಗೆ ಸಿಕ್ಕ ಒಂದು ಕೂದಲಿನ ಕಥೆ ಸಾಕು. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಒಬ್ಬ ಮಲೆಕುಡಿಯ ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚಿಯಲ್ಲಿ ಅವನನ್ನೂ ಅವನ ತಂದೆಯನ್ನೂ ಹಿಡಿದರು. ನಕ್ಸಲರ ನಂಟಿನ ಆರೋಪ. ಸಾಕ್ಷ್ಯವೆಂದು ಮನೆಯಿಂದ ಒಯ್ದವುಗಳಲ್ಲಿ ಭಗತ್ ಸಿಂಗನ ಪುಸ್ತಕವೂ ಇತ್ತು. ಇಬ್ಬರೂ ನಿರ್ದೋಷಿಗಳೆಂದು ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ! ಆ ಯೌವನವನ್ನು ಮರಳಿ ಕೊಡುವವರಾರು?

ಇನ್ನು ಕಾರಣದ ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಸ್ತಾಪ ಬಂದದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ತಲೆಮಾರುಗಳಿಂದ ಅಲ್ಲೇ ಬಾಳಿದವರು ಒಂದು ಗೆರೆ ಎಳೆದ ಮಾತ್ರಕ್ಕೆ ಒತ್ತುವರಿದಾರರಾದರು. ಅದೇ ಬೆಟ್ಟದ ಅದಿರು ಅಗೆಯುವ ಕಂಪನಿಗೆ ಮಾತ್ರ ಗುತ್ತಿಗೆಯ ಕಾಗದವಿತ್ತು. ಸುಪ್ರೀಂ ಕೋರ್ಟ್ ತಡೆದು, 2005ರ ಕೊನೆಗೆ ಗಣಿ ನಿಲ್ಲುವವರೆಗೂ ಗುಡ್ಡದ ಮೈ ಸುಲಿಯಲಾಯಿತು. ಒಕ್ಕಲೆಬ್ಬಿಸುವಿಕೆಯ ವಿರುದ್ಧದ ಕೂಗಿನ ನಡುವೆ ಚಳವಳಿಯ ದಾರಿ ಬಿಟ್ಟು ಕೆಲವರು ಕಾಡು ಸೇರಿದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಹೆಣ್ಣುಮಕ್ಕಳು ಗುಂಡಿಗೆ ಬಿದ್ದರು. ಮೊನ್ನೆ ಪೀತಬೈಲಿನಲ್ಲಿ ಬಿದ್ದ ವಿಕ್ರಂ ಗೌಡನೂ ಮಲೆಕುಡಿಯನೇ. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಕಾಡಿನವರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. ಒಪ್ಪಿಕೊಂಡ ಸಾಲ ತೀರಿಸದವನನ್ನು ನಮ್ಮ ಹಳ್ಳಿಗಳಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ಓದುಗರು ಬಲ್ಲರು.

ಜಂಗಮವಾಡಿಯಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ಸಂಗತಿ ನನ್ನನ್ನು ಚುಚ್ಚುತ್ತದೆ. ಅಕ್ಬರನಿಂದ ಔರಂಗಜೇಬನವರೆಗೆ ಮೊಗಲ ಬಾದಶಹರು ಇಲ್ಲಿಯ ಜಂಗಮರ ಭೂಮಿಯ ಹಕ್ಕನ್ನು ಮನ್ನಿಸಿ ಕೊಟ್ಟ ಫರ್ಮಾನುಗಳು ಈ ಮಠದ ಹೆಮ್ಮೆ. ದೂರದ ದಕ್ಷಿಣದ, ಅನ್ಯಧರ್ಮದ, ಅನ್ಯಭಾಷೆಯ ಜನರಿಗೆ ಒಂದು ತುಂಡು ಕಾಗದ ನೆಲೆ ಕೊಟ್ಟಿತು. ಪರಸ್ಥಳದಲ್ಲಿ ಕಾಗದದ ಬೆಲೆ ಏನೆಂಬುದು ಹೊರನಾಡ ಕನ್ನಡಿಗರಾದ ನಮಗಿಂತ ಚೆನ್ನಾಗಿ ಬಲ್ಲವರಾರು? ಪಡಿತರ ಚೀಟಿಗೆ, ಮಕ್ಕಳ ಶಾಲೆಯ ದಾಖಲಾತಿಗೆ, 'ನೀವು ಎಲ್ಲಿಯವರು' ಎಂಬ ಪ್ರಶ್ನೆಗೆ ನಾವು ಜೀವಮಾನವೆಲ್ಲ ಕಾಗದ ತೋರಿಸಿದವರು. ಅಂಥ ನಾವೇ, ಸ್ವಂತ ನೆಲದಲ್ಲಿ ಪರದೇಶಿಗಳಾದವರ ಸಾವಿಗೆ ತಲೆದೂಗುವುದೆ? ಬಾದಶಹರಿಗೆ ಸಾಧ್ಯವಾದದ್ದು ಚುನಾಯಿತ ಸರ್ಕಾರಗಳಿಗೆ ಏಕೆ ಸಾಧ್ಯವಾಗುವುದಿಲ್ಲ?

ಇತಿಹಾಸವೂ ಇದನ್ನೇ ಹೇಳುತ್ತದೆ. 1830–31ರಲ್ಲಿ ಇದೇ ಮಲೆನಾಡಿನ ನಗರ ಸೀಮೆಯ ರೈತರು ಕಂದಾಯದ ಕಿರುಕುಳ ತಾಳದೆ ದಂಗೆ ಎದ್ದಾಗ ಮೈಸೂರಿನ ಪಡೆಯೂ ಕಂಪನಿಯ ಪಡೆಯೂ ಬೆಟ್ಟ ಹತ್ತಿದವು. ಆದರೆ ದಂಗೆ ಅಡಗಿಸಿದ ಮೇಲೆ ಕಂಪನಿ ಸರ್ಕಾರವೂ ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಅವರ ಸಮಿತಿ ನೇಮಿಸಿ, ರೈತರು ಎದ್ದದ್ದೇಕೆ ಎಂದು ವಿಚಾರಿಸಿತು. 1833ರಲ್ಲಿ ವರದಿ ಬಂತು. ಅದರ ಹಿಂದೆ ರಾಜ್ಯ ನುಂಗುವ ಲೆಕ್ಕಾಚಾರವಿತ್ತು, ನಿಜ. ಆದರೂ ಪ್ರಶ್ನೆಯನ್ನಂತೂ ಕೇಳಿತು.

ಪಡೆ ಇಲ್ಲದೆ ಶಾಂತಿ ಎಲ್ಲಿ ಎನ್ನುವವರಿಗೆ ಒಂದು ಉತ್ತರವಿದೆ. 2014ರ ಡಿಸೆಂಬರಿನಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಂಥವರ ಮಧ್ಯಸ್ಥಿಕೆಯಲ್ಲಿ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಮುಖ್ಯವಾಹಿನಿಗೆ ಬಂದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಆರು ಮಂದಿ ಶರಣಾದರು. ವಿಕ್ರಂ ಗೌಡನ ಸಾವಿನ ಭಯವೇ ಅವರನ್ನು ಕರೆತಂದಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಭಯಪಟ್ಟವನು ಮತ್ತಷ್ಟು ಒಳಕಾಡಿಗೂ ಓಡಬಲ್ಲ. ಹೊರಗೆ ನಂಬುಗೆಯ ಒಂದು ಕೈ ಚಾಚಿದ್ದರಿಂದಲೇ ಅವನು ಈಚೆ ಬಂದ. 2014ರಲ್ಲಿ ಬಂದವರೂ ಆ ಕೈಯನ್ನು ಹಿಡಿದೇ ಬಂದವರು.

ಈಗ ಕರ್ನಾಟಕ ನಕ್ಸಲ್‌ಮುಕ್ತವೆಂಬ ಘೋಷಣೆ ಆಗಿದೆ. 2025ರಲ್ಲಿ ನಿಗ್ರಹ ಪಡೆಯ ಒಂದು ಭಾಗವನ್ನು ಕರಾವಳಿಯ ಕೋಮುಹಿಂಸೆ ತಡೆಯುವ ಹೊಸ ಪಡೆಗೆ ವರ್ಗಾಯಿಸಲಾಯಿತು. ಸಂತೋಷ. ಆದರೆ ಪಡೆ ಇಳಿದ ಗುಡ್ಡವನ್ನು ಇನ್ನು ಯಾರು ಹತ್ತುತ್ತಾರೆ? ಸರ್ವೆಯವರು ಹತ್ತಬೇಕು, ಮಾಸ್ತರು ಹತ್ತಬೇಕು, ದಾದಿ ಹತ್ತಬೇಕು. ಎನ್‌ಕೌಂಟರ್ ಸಾವುಗಳ ಸ್ವತಂತ್ರ ತನಿಖೆಗೆ ಸುಪ್ರೀಂ ಕೋರ್ಟ್ 2014ರಲ್ಲೇ ನಿಯಮ ವಿಧಿಸಿದೆ; ಪೀತಬೈಲಿನ ಸತ್ಯ ಕಡತದಲ್ಲಿ ಹೂತುಹೋಗಬಾರದು.

ಇಲ್ಲಿಯ ಮಠದಲ್ಲಿ ಅಗಲಿದವರ ಹೆಸರಿನಲ್ಲಿ ಭಕ್ತರು ಇಟ್ಟ ಶಿವಲಿಂಗಗಳು ಲೆಕ್ಕವಿಲ್ಲದಷ್ಟಿವೆ. ಅವುಗಳ ನಡುವೆ ನಡೆಯುವಾಗ, ಯಾವುದು ಸಾಹುಕಾರನದು, ಯಾವುದು ಕೂಲಿಯವನದು ಎಂದು ತಿಳಿಯುವುದಿಲ್ಲ. ವೆಂಕಟಮ್ಮನಹಳ್ಳಿಯ ಪೇದೆಗೂ ಈದುವಿನ ಪಾರ್ವತಿಗೂ ಅಲ್ಲಿ ಒಂದೇ ಅಳತೆಯ ಜಾಗ. ಅಷ್ಟು ಸಮಾನತೆಯನ್ನು ಬದುಕಿದ್ದಾಗಲೇ ಕೊಡಿ ಎಂದು ಕೇಳುವುದು ರಾಜದ್ರೋಹವಾದರೆ, ಆ ದ್ರೋಹದಲ್ಲಿ ಈ ಸಂಘದ ಪ್ರತಿಯೊಬ್ಬ ಸದಸ್ಯನೂ ಪಾಲುದಾರನಾಗಲಿ.