ದೂರವೆಷ್ಟು? ಹೊತ್ತೆಷ್ಟು?

“ಹೊಸೂರಿನಿಂದ ಚೆನ್ನೈ ಎಷ್ಟು ದೂರ?” ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದೆವು. “ಮುನ್ನೂರು ಕಿಲೋಮೀಟರ್ ಸಾರ್” ಎಂದನೊಬ್ಬ ಹುಡುಗ. “ವಿಮಾನದಲ್ಲಿ ಒಂದೇ ಗಂಟೆ ಸಾರ್” ಎಂದಳೊಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು. ಆದರೆ ಆಕೆಯ ಉತ್ತರ ನಗುವಂಥದಲ್ಲ. ದೂರವನ್ನು ಹೊತ್ತಿನಿಂದ ಅಳೆಯುವುದು ನಮ್ಮೆಲ್ಲರ ರೂಢಿ. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದೇ ಪ್ರಶ್ನೆ.

ನಕ್ಷೆಯನ್ನು ತೆರೆದೆವು. ಬೆಂಗಳೂರು, ಚೆನ್ನೈ ಎರಡೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ರೇಖಾಂಶದ ಅಂತರ ಸುಮಾರು 2.7 ಡಿಗ್ರಿ. ಇಲ್ಲಿ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಗುಣಿಸಿದರೆ ನೇರ ದೂರ 290 ಕಿ.ಮೀ. ರಸ್ತೆಯಲ್ಲಾದರೆ ಸುಮಾರು 350. ಗಂಟೆಗೆ 800 ಕಿ.ಮೀ. ವೇಗವೆಂದರೆ ವಿಮಾನಕ್ಕೆ 22 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಏಕೆ? ನೆಲದ ಮೇಲೆ ಓಡಿ, ಮೇಲೇರಿ, ಇಳಿದು ನಿಲ್ಲುವುದಕ್ಕೂ ಹೊತ್ತು ಬೇಕು.

ಹೊಸೂರಿನವರ ಲೆಕ್ಕ ಇಷ್ಟಕ್ಕೇ ಮುಗಿಯದು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋಯಿತು. ಆಕಾಶದ ದಾರಿ ಹೆಚ್ಚಲಿಲ್ಲ. ನಮ್ಮ ದಾರಿ ಹೆಚ್ಚಿತು. ಪೂರ್ವದ ಚೆನ್ನೈಗೆ ಹೋಗಲು ಮೊದಲು ಉತ್ತರಕ್ಕೆ ಹೋಗಬೇಕು. ಅದಕ್ಕೆ ಎರಡೂವರೆ ಗಂಟೆ, ಅಲ್ಲಿ ಕಾಯಲು ಎರಡು, ಹಾರಲು ಒಂದು, ಇಳಿದು ಊರೊಳಗೆ ಸೇರಲು ಒಂದು. ಒಟ್ಟು ಆರೂವರೆ! ಕೃಷ್ಣಗಿರಿ, ವೇಲೂರಿನ ಮೇಲೆ ಹೋಗುವ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ. ಪ್ರಯಾಣದ ದೂರವಿರುವುದು ನಡುವಿನಲ್ಲಲ್ಲ, ಎರಡು ತುದಿಗಳಲ್ಲಿ.

ಅಳೆಯದೆ ನಂಬಬಾರದು. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸರಪಳಿ ಹಿಡಿದು ಅಳತೆ ಆರಂಭಿಸಿದರು. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನ ಮೇಲೆ ಮಂಗಳೂರಿನ ಕಡಲವರೆಗೆ ಸಾಗಿದಾಗ, 400 ಮೈಲಿ ಎಂದು ನಂಬಿದ್ದ ನಾಡಿನ ಅಗಲ 360 ಮೈಲಿಯೇ ಎಂದು ತಿಳಿಯಿತು.

ಈಗ ಪೋಷಕರಲ್ಲಿ ಒಂದು ಮಾತು. ‘ಒಂದೇ ಗಂಟೆ’ ಎಂದ ಆ ಹುಡುಗಿಯ ಅಕ್ಕ ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿ ಕುಳಿತಿದ್ದಾಳೆ. “ಮುಂದಿನ ಶಾಲೆ ದೂರ” ಎಂದರು ತಂದೆ. ಅವರ ಜೊತೆ ಕುಳಿತು ಲೆಕ್ಕ ಹಾಕಿದೆವು. ಬಸ್ಸಿನ ದಾರಿ ಎಂಟು ಕಿ.ಮೀ., ಇಪ್ಪತ್ತೈದು ನಿಮಿಷ. ಅವರನ್ನು ಅಂಜಿಸಿದ್ದು ಆ ಎಂಟಲ್ಲ. ಬಸ್ಸಿಳಿದ ಮೇಲೆ ಊರಿಗೆ ಬರುವ ಎರಡು ಕಿ.ಮೀ. ಕತ್ತಲೆಯ ದಾರಿ.

ಎಂಟು ಕಿ.ಮೀ.ಯನ್ನು ಯಾರೂ ಕಡಿಮೆ ಮಾಡಲಾರರು. ಆದರೆ ಎರಡು ಕಿ.ಮೀ.ಗೆ ಉಪಾಯವುಂಟು. ಊರಿನ ಮೂರು ಮಕ್ಕಳನ್ನು ಒಟ್ಟಿಗೆ ಸೇರಿಸಿ. ಸಂಜೆ ಸರದಿಯಂತೆ ಒಬ್ಬ ತಂದೆ ಬಸ್ ನಿಲ್ದಾಣಕ್ಕೆ ಬರಲಿ. ‘ದೂರ’ ಎಂಬ ಒಂದು ಮಾತಿನಿಂದ ಮಗುವಿನ ಓದು ನಿಲ್ಲಿಸುವ ಮುನ್ನ, ಮನೆಯ ಹೊಸ್ತಿಲಿನಿಂದ ಶಾಲೆಯ ಹೊಸ್ತಿಲಿನವರೆಗೆ ಒಮ್ಮೆ ಅಳೆದು ನೋಡಿರೆಂದು ನಮ್ಮ ಕೋರಿಕೆ.