ಕಟ್‌ಆಫ್ ತಪ್ಪಿದ್ದು ನಿಜ, ಬದುಕು ಮುಗಿದದ್ದು ಸುಳ್ಳು

ಪುಣೆಯ ಸದಾಶಿವ ಪೇಟೆ, ನವೀ ಪೇಟೆಗಳಲ್ಲಿ ಗಲ್ಲಿಗೊಂದು ಅಭ್ಯಾಸಿಕೆ. ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು, ತಲೆ ಮೇಲೊಂದು ಫ್ಯಾನು. ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆ ಬರೆಯಲು ಲಾತೂರ, ನಾಂದೇಡ, ಸೋಲಾಪುರಗಳಿಂದ ಬಂದ ಮಕ್ಕಳು ಬೆಳಗಿನಿಂದ ರಾತ್ರಿವರೆಗೂ ಅಲ್ಲೇ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡದ ಮಕ್ಕಳೂ ಅವರೊಳಗಿದ್ದಾರೆ. ವಿಜಯಪುರದಿಂದ ಮದುವೆಯಾಗಿ ಬಂದ ನಾನು ಇವರಿಗಾಗಿ ಖಾನಾವಳಿ ನಡೆಸುತ್ತೇನೆ. ಫಲಿತಾಂಶದ ದಿನ ಯಾರ ತಾಟಿನಲ್ಲಿ ರೊಟ್ಟಿ ಉಳಿಯಿತು ಎಂದು ನೋಡಿದರೆ ಸಾಕು, ಪಟ್ಟಿ ನೋಡಬೇಕಿಲ್ಲ.

ಅಂದು ಇವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ‘ಪಾಸಿಟಿವ್ ಆಗಿರು’. ಇದರಷ್ಟು ಉಪಯೋಗವಿಲ್ಲದ ಉಪದೇಶ ಇನ್ನೊಂದಿಲ್ಲ. ತಲೆಯೊಳಗೆ ಕೂತ ಕೆಟ್ಟ ವಿಚಾರದ ಮೇಲೆ ಸಕ್ಕರೆ ಉದುರಿಸಿದರೆ ಅದು ಹೋಗುವುದಿಲ್ಲ. ಉದ್ರಿ ಕೇಳಲು ಬಂದವನಿಗೆ ಹೆಸರು, ತಾರೀಕು ಕೇಳುವಂತೆ ಆ ವಿಚಾರಕ್ಕೂ ಪುರಾವೆ ಕೇಳಬೇಕು.

ಜತ್ತ ಕಡೆಯ ಹುಡುಗನೊಬ್ಬ ಪ್ರಿಲಿಮ್ಸ್‌ನಲ್ಲಿ ಸ್ವಲ್ಪದರಲ್ಲಿ ಕಟ್‌ಆಫ್ ತಪ್ಪಿ ಬಂದು, “ಕಾಕೂ, ನಂದೆಲ್ಲಾ ಮುಗೀತ್ರಿ” ಎಂದ. “ಏನೇನ್ ಮುಗೀತು, ಬರಿ ತಮ್ಮಾ” ಎಂದು ಮೆಸ್ ಕಾರ್ಡಿನ ಹಿಂಬದಿ ತಿರುಗಿಸಿಕೊಟ್ಟೆ. ‘ಪರೀಕ್ಷಾ ಹೋತು’ ಎಂದು ಬರೆದ. ಅದು ನಿಜ. ‘ನಾ ಯಾವ ಕೆಲಸಕ್ಕೂ ಬರಾಂಗಿಲ್ಲ’. ಪಕ್ಕದ ಮೇಜಿನ ಹುಡುಗರಿಗೆ ದಿನಾ ಗಣಿತ ಹೇಳಿಕೊಡುವವನು ಅವನೇ. ಆ ಸಾಲನ್ನು ಹೊಡೆದು ಹಾಕಿದೆವು. ‘ಊರಾಗ ಎಲ್ಲಾರೂ ನಗ್ತಾರ’. ಯಾರು ಯಾರು ಅಂದರೆ, ಬಹಳ ಹೊತ್ತು ಯೋಚಿಸಿ ಒಬ್ಬ ಸೋದರಮಾವನ ಹೆಸರು ಹೇಳಿದ. ‘ಮುಂದಿನ ಜಾಹೀರಾತು ಯಾವಾಗ ಬರತೈತೋ ಗೊತ್ತಿಲ್ಲ’. ಇದೂ ನಿಜ.

ಹೀಗೆ ಮನಸ್ಸಿಗೆ ಬುದ್ಧಿ ಹೇಳುವುದು ಪುಣೆಗೆ ಹೊಸದಲ್ಲ. ಸಮರ್ಥ ರಾಮದಾಸರ ‘ಮನಾಚೆ ಶ್ಲೋಕ’ದ 205 ಶ್ಲೋಕಗಳು ಮನಸ್ಸಿಗೆ ಹೇಳಿದವು. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ 1955ರ ಸುಮಾರಿಗೆ ಇದನ್ನೇ ಚಿಕಿತ್ಸೆಯಾಗಿ ಕಟ್ಟಿದರು. ನಮ್ಮನ್ನು ಕೆಡವುವುದು ಘಟನೆಯೊಂದೇ ಅಲ್ಲ, ಅದರ ಬಗ್ಗೆ ನಾವು ಹಿಡಿದ ನಂಬಿಕೆಯೂ ಹೌದು. ಆ ನಂಬಿಕೆಯ ಜೊತೆ ವಾದ ಮಾಡಬೇಕು ಎಂಬುದು ಅವರ ಪಾಠ. ಠಾಣೆಯ ಮನೋವೈದ್ಯ ಡಾ. ಆನಂದ ನಾಡಕರ್ಣಿ ಇದನ್ನು ಮರಾಠಿಯಲ್ಲಿ ಮನೆಮನೆಗೆ ಮುಟ್ಟಿಸಿದ್ದಾರೆ.

ಹಾಗಂತ ಎಲ್ಲ ಭಯವನ್ನೂ ತಲೆಯ ಭ್ರಮೆ ಎನ್ನುವುದು ಅನ್ಯಾಯ. 2021ರ ಮಾರ್ಚ್ 14ರ ಎಂಪಿಎಸ್‌ಸಿ ಪರೀಕ್ಷೆಯನ್ನು ಮೂರೇ ದಿನ ಮೊದಲು ಮುಂದೂಡಿದಾಗ, 2023ರಲ್ಲಿ ಪ್ರಶ್ನೆಪತ್ರಿಕೆಯ ಸ್ವರೂಪ ಬದಲಿಸಹೊರಟಾಗ, 2024ರ ಆಗಸ್ಟ್‌ನಲ್ಲಿ ಎಂಪಿಎಸ್‌ಸಿ ದಿನವೇ ಬ್ಯಾಂಕ್ ಪರೀಕ್ಷೆಯೂ ಬಂದಾಗ ಈ ಮಕ್ಕಳು ಪುಣೆಯ ರಸ್ತೆಗಿಳಿದರು. ಅವರ ಆತಂಕಕ್ಕೆ ಪುರಾವೆ ಇತ್ತು. ಅಂಥ ವಿಚಾರದ ಜೊತೆ ವಾದ ಬೇಡ. ಅದಕ್ಕೆ ಬೇಕಾದ್ದು ಎರಡನೆಯ ದಾರಿ. ನಮ್ಮ ಹುಡುಗ ಅದೇ ಕಾರ್ಡಿನ ಕೆಳಗೆ ಬಿ.ಎಡ್. ಅರ್ಜಿಯ ಕೊನೆ ತಾರೀಕು ಬರೆದುಕೊಂಡ.

ಆದರೆ ವಾರಗಟ್ಟಲೆ ನಿದ್ದೆ ಬಾರದವರಿಗೆ, ಸಾಯುವ ಮಾತಾಡುವವರಿಗೆ ಖಾನಾವಳಿಯ ಕಾಕೂ ಸಾಲದು, ವೈದ್ಯರೇ ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಪುಕ್ಕಟೆ ಕರೆ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು. ಫೀ ಕಟ್ಟುವ ತಾರೀಕನ್ನು ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸುವ ಅಭ್ಯಾಸಿಕೆಗಳು ಅದರ ಪಕ್ಕ ಈ ನಂಬರನ್ನೂ ಅಂಟಿಸಲಿ. ಪುಣೆ ಮಹಾನಗರಪಾಲಿಕೆ ಇದನ್ನು ಕಡ್ಡಾಯ ಮಾಡಲಿ.

ಊರಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ‘ಆಗದಿದ್ದರೆ ಮುಂದೇನು’ ಎಂದು ಕೇಳುವುದು ಅಪಶಕುನವಲ್ಲ. ಹಾಲ್ ಟಿಕೆಟ್ ಬರುವ ಮೊದಲೇ ಕೇಳಿ, ಉತ್ತರವನ್ನು ಮಕ್ಕಳ ಜೊತೆ ಕೂತು ಹುಡುಕಿ.